ಬಟ್ಟೆ ನೋಡೋಕೆ ಅಂತ ನಾಟಕಕ್ಕೆ ಹೋಗಬಹುದಾ?

ಈ ಸಲದ ಪತ್ರಗಳನ್ನೆಲ್ಲ ಒಟ್ಟಿಗೆ ಓದಿ ನಗು ಬಂತು. ಒಬ್ಬರಾದರೂ ನಾಟಕದ ಕಥೆ ಕೇಳಿಲ್ಲ. ಎಲ್ಲರಿಗೂ ಬಟ್ಟೆ, ಬಣ್ಣ, ಬೆಳಕು, ಹೊಗೆ ಇದರದ್ದೇ ಚಿಂತೆ. ನನಗಂತೂ ಖುಷಿಯೇ. ಹವ್ಯಾಸಿ ತಂಡವೊಂದರಲ್ಲಿ ಏಳೆಂಟು ವರ್ಷ ವೇಷಭೂಷಣದ ಪೆಟ್ಟಿಗೆ ಕಾಯ್ದವಳು ನಾನು. ರಂಗದ ಮೇಲೆ ಒಂದು ಸಲವೂ ನಿಂತಿಲ್ಲ, ನನ್ನ ಹೊಲಿಗೆ ಮಾತ್ರ ನಿಂತಿದೆ. ಕೆಲವು ಸಲ ನಿಲ್ಲದೆ ಬಿಚ್ಚಿಕೊಂಡಿದ್ದೂ ಇದೆ, ಆ ಕಥೆ ಮುಂದೆ ಬರುತ್ತೆ.

ಪ್ರಶ್ನೆ: ಮೇಡಂ, ನನಗೊಂದು ಚಾಳಿ ಇದೆ. ನಾಟಕಕ್ಕೆ ಹೋದರೆ ಮಾತು ಕಿವಿಗೆ ಬೀಳುವ ಮುಂಚೆ ಬಟ್ಟೆ ಕಣ್ಣಿಗೆ ಬೀಳುತ್ತದೆ. ರಾಣಿಯ ಮೇಲಂಗಿ ಎಷ್ಟು ದೂರ ನೆಲದ ಮೇಲೆ ಎಳೀತಾ ಬರುತ್ತೆ, ಸೇವಕನ ಅಂಗಿ ಯಾಕೆ ಅಷ್ಟು ಮಾಸಿದೆ, ಹಿಂದಿನ ಗೋಡೆ ಮೇಲಿನ ನೀಲಿ ಬೆಳಕು ಎಲ್ಲಿಂದ ಬಂತು, ಇದನ್ನೇ ನೋಡ್ತಾ ಕೂರ್ತೀನಿ. ಹೊರಗೆ ಬಂದಮೇಲೆ ಗೆಳತಿಯರು ಕೊನೆಯ ದೃಶ್ಯದ ಅರ್ಥ ಏನು ಅಂತ ವಾದ ಮಾಡುತ್ತಿರುತ್ತಾರೆ. ನಾನು "ಆ ಕಪ್ಪು ಮೇಲಂಗಿ ಎಷ್ಟು ಚೆನ್ನಾಗಿತ್ತು ಅಲ್ವಾ" ಅಂದರೆ ನಗುತ್ತಾರೆ. "ನೀನು ಬಟ್ಟೆ ಅಂಗಡಿಗೆ ಹೋಗಬೇಕಿತ್ತು" ಅಂತಾರೆ. ನಾನು ನೋಡುವ ರೀತಿಯೇ ತಪ್ಪಾ?

ಕಪ್ಪು ಮೇಲಂಗಿ ಅಂದಿರಲ್ಲ, ನಿಮ್ಮ ಗೆಳತಿಯರಿಗೆ ಒಂದು ಲೆಕ್ಕ ಹೇಳಿ. 1600ರ ಆಸುಪಾಸಿನಲ್ಲಿ ಲಂಡನ್ನಿನ ಫಿಲಿಪ್ ಹೆನ್ಸ್ಲೋ ಎಂಬ ರಂಗಮಂದಿರದ ಮಾಲೀಕ ತನ್ನ ಜಮಾಖರ್ಚು ಬರೆದಿಟ್ಟಿದ್ದ. ಆ ಪುಸ್ತಕ ಈಗಲೂ ಉಳಿದಿದೆ. ಹೊಸ ನಾಟಕ ಬರೆದುಕೊಟ್ಟರೆ ಅವನು ಕೊಡುತ್ತಿದ್ದುದು ಸುಮಾರು 6 ಪೌಂಡ್. ಅದೇ ಕಾಲದ ದೊಡ್ಡ ನಟ ಎಡ್ವರ್ಡ್ ಅಲೆನ್, ಚಿನ್ನ ಬೆಳ್ಳಿಯ ಕಸೂತಿ ಇದ್ದ ಒಂದು ಕಪ್ಪು ವೆಲ್ವೆಟ್ ಮೇಲಂಗಿಗೆ 20 ಪೌಂಡಿಗಿಂತ ಜಾಸ್ತಿ ಕೊಟ್ಟಿದ್ದ. ಅಂದರೆ ಒಂದು ಮೇಲಂಗಿಯ ದುಡ್ಡಿಗೆ ಮೂರು ಹೊಸ ನಾಟಕ ಬರೆಸಬಹುದಿತ್ತು! ಬರೆಯುವವರಿಗೆ ಆಗ ಹೊಟ್ಟೆ ಉರಿದಿರಬೇಕು, ಅದು ಬೇರೆ ಮಾತು.

ಅಷ್ಟೊಂದು ಖರ್ಚು ಯಾಕೆ ಮಾಡಿದರು ಅಂದರೆ, ಆಗಿನ ರಂಗದಲ್ಲಿ ಇವತ್ತಿನ ಥರ ಸೆಟ್ ಇರಲಿಲ್ಲ. ತೆರೆದ ಅಂಗಳದ ರಂಗಮಂದಿರ, ಮಧ್ಯಾಹ್ನದ ಬಿಸಿಲು, ಬರೀ ಹಲಗೆ. ಕಣ್ಣಿಗೆ ಹಬ್ಬ ಅಂತ ಏನಾದರೂ ಇದ್ದರೆ ಅದು ನಟರ ಮೈಮೇಲಿನ ಬಟ್ಟೆ. 1599ರಲ್ಲಿ ಅಲ್ಲಿಗೆ ಹೋಗಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಒಂದು ಮಜಾ ಸಂಗತಿ ಬರೆದಿದ್ದಾನೆ. ದೊಡ್ಡ ಮನೆತನದವರು ಸಾಯುವಾಗ ತಮ್ಮ ಒಳ್ಳೊಳ್ಳೆ ಬಟ್ಟೆಗಳನ್ನು ಸೇವಕರ ಹೆಸರಿಗೆ ಬಿಟ್ಟುಹೋಗುತ್ತಿದ್ದರಂತೆ. ಸೇವಕರು ಅಂಥ ಬಟ್ಟೆ ತೊಡುವ ಹಾಗಿಲ್ಲ, ಮನೆಯಲ್ಲಿಟ್ಟು ಏನು ಮಾಡೋದು? ನಟರಿಗೆ ಕಡಿಮೆ ಬೆಲೆಗೆ ಮಾರಿಬಿಡುತ್ತಿದ್ದರು. ಹಾಗಾಗಿ ರಂಗದ ಮೇಲಿನ ರಾಜ ಹಾಕಿದ್ದು ನಿಜಕ್ಕೂ ಯಾರೋ ಸತ್ತುಹೋದ ದೊರೆಯ ಬಟ್ಟೆಯೇ ಆಗಿರಬಹುದಿತ್ತು. ಆ ಜನ ಬಟ್ಟೆ ನೋಡದೆ ಬರೀ ಮಾತು ಕೇಳಿ ಮನೆಗೆ ಹೋದರು ಅಂತ ನನಗೆ ಯಾರಾದರೂ ಹೇಳಿದರೆ ನಂಬಲ್ಲ.

ಆದರೆ ಒಂದು ಮಾತು. ಬಟ್ಟೆಯನ್ನು ಸುಮ್ನೆ ಬಟ್ಟೆಯಾಗಿ ನೋಡಿದರೆ ನಿಮ್ಮ ಗೆಳತಿಯರು ಹೇಳಿದ್ದು ಸರಿಯೇ. ಗೊಂಬೆಗೆ ತೊಡಿಸಿದ ಬಟ್ಟೆ ನೋಡೋಕೂ ಅದಕ್ಕೂ ವ್ಯತ್ಯಾಸ ಇಲ್ಲ. ರಂಗದ ಬಟ್ಟೆ ನಡೆಯುತ್ತದೆ. ಪಾತ್ರ ಮೊದಲ ಸಲ ಒಳಗೆ ಬಂದಾಗ ಬಟ್ಟೆ ಅದಕ್ಕಿಂತ ಮುಂದೆ ಬರುತ್ತಾ ಹಿಂದೆ ಉಳಿಯುತ್ತಾ ನೋಡಿ. ಕೂತಾಗ ಏನಾಗುತ್ತೆ, ಗಡಿಬಿಡಿಯಲ್ಲಿ ತಿರುಗಿದಾಗ ಏನಾಗುತ್ತೆ, ಜಗಳದಲ್ಲಿ ಆ ತೋಳು ಅಡ್ಡ ಬರುತ್ತಾ ಸಹಾಯಕ್ಕೆ ಬರುತ್ತಾ. ಚೀನಾದ ಪೀಕಿಂಗ್ ಒಪೆರಾದಲ್ಲಿ ತೋಳಿನ ತುದಿಗೆ ಉದ್ದನೆಯ ಬಿಳಿ ರೇಷ್ಮೆ ಸೇರಿಸಿರುತ್ತಾರೆ, ಅದಕ್ಕೆ ನೀರಿನ ತೋಳು ಅಂತಲೇ ಹೆಸರು. ಅದನ್ನು ಚಿಮ್ಮಿಸಿದರೆ ಸಿಟ್ಟು, ಮುಖಕ್ಕೆ ಮರೆ ಮಾಡಿದರೆ ನಾಚಿಕೆ ಅಥವಾ ಅಳು. ಅಲ್ಲಿ ಬಟ್ಟೆಯೇ ಮಾತಾಡುತ್ತಿರುತ್ತದೆ. ಇನ್ನೊಂದು ಆಟ ಹೇಳಿಕೊಡ್ತೀನಿ: ಮುಖ್ಯ ಪಾತ್ರದ ಮೊದಲ ದೃಶ್ಯದ ಬಣ್ಣ, ಕೊನೆಯ ದೃಶ್ಯದ ಬಣ್ಣ ಎರಡನ್ನೂ ನೆನಪಿಟ್ಟುಕೊಳ್ಳಿ. ಗಾಢ ಇದ್ದದ್ದು ತೆಳುವಾಗಿದೆಯಾ? ಶುರುವಿನಲ್ಲಿ ಒಬ್ಬಳೇ ಕೆಂಪು ಉಟ್ಟಿದ್ದವಳ ಕೆಂಪು ಕೊನೆಗೆ ಬೇರೆಯವರ ಮೈಮೇಲೂ ಕಾಣುತ್ತಿದೆಯಾ? ಇದನ್ನು ಹಿಡಿದಿರೋ, ಮುಂದಿನ ಸಲ ಕೊನೆಯ ದೃಶ್ಯದ ಅರ್ಥ ನೀವೇ ಗೆಳತಿಯರಿಗೆ ಹೇಳುತ್ತೀರಿ.

ಪ್ರಶ್ನೆ: ಪರಿಚಯದವರು ನಟಿಸಿದ್ದರಿಂದ ಆಟ ಮುಗಿದಮೇಲೆ ಗ್ರೀನ್ ರೂಮಿಗೆ ಹೋಗಿದ್ದೆ. ದೂರದಿಂದ ಕಣ್ಣು ಕುಕ್ಕುತ್ತಿದ್ದ ರಾಜನ ನಿಲುವಂಗಿ ಹತ್ತಿರದಿಂದ ನೋಡಿದರೆ ಗೋಣಿ ಬಟ್ಟೆಗೆ ಬಣ್ಣ ಬಳಿದ ಹಾಗಿತ್ತು. ಕಸೂತಿ ಅಂದುಕೊಂಡಿದ್ದು ಅಂಟಿನ ಗೆರೆ. ಮೋಸ ಹೋದ ಹಾಗೆ ಅನ್ನಿಸಿತು.

ಮೋಸ ಅಲ್ಲ, ನೀವು ನಿಂತ ಜಾಗ ತಪ್ಪು! ಆ ಬಟ್ಟೆ ಮಾಡಿದ್ದು ಹತ್ತಿಪ್ಪತ್ತು ಮೀಟರ್ ದೂರ ಕೂತವರಿಗೆ. ಅಷ್ಟು ದೂರಕ್ಕೆ ಸಣ್ಣ ನಿಜವಾದ ಕಸೂತಿ ಕಾಣೋದೇ ಇಲ್ಲ, ಬರೀ ಬೂದು ಬೂದಾಗಿ ಕಲಸಿಹೋಗುತ್ತದೆ. ಅಂಟಿನ ದಪ್ಪ ಗೆರೆ ಎಳೆದು ಮೇಲೆ ಬಂಗಾರದ ಬಣ್ಣ ಹಚ್ಚಿದರೆ ಅದರ ಉಬ್ಬಿಗೆ ಬೆಳಕು ಬಿದ್ದು, ಪಕ್ಕದಲ್ಲಿ ನೆರಳು ಬಿದ್ದು, ನಿಮ್ಮ ಕಣ್ಣಿಗೆ ಕಸೂತಿ ಆಗುತ್ತದೆ. ಕಣ್ಣು ಅರ್ಧ ಕೆಲಸ ಮಾಡುತ್ತೆ ಅಂತ ಗೊತ್ತಿದ್ದೇ ನಾವು ಉಳಿದರ್ಧ ಮಾತ್ರ ಮಾಡುವುದು.

ಇದರಲ್ಲಿ ನನಗೆ ಬಹಳ ಇಷ್ಟದ ಉದಾಹರಣೆ 1888ರದ್ದು. ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಎಲೆನ್ ಟೆರ್ರಿ ಎಂಬ ನಟಿ ಶೇಕ್ಸ್‌ಪಿಯರನ ನಾಟಕದ ಲೇಡಿ ಮ್ಯಾಕ್‌ಬೆತ್ ಆಗಿ ನಿಂತಳು. ಅವಳ ಬಟ್ಟೆ ಹಾವಿನ ಮೈಯಂತೆಯೂ ಇರಬೇಕು, ಯುದ್ಧದ ಉಕ್ಕಿನ ಬಲೆಯಂಗಿಯಂತೆಯೂ ಇರಬೇಕು ಅಂತ ಆಸೆ. ಉಕ್ಕು ಹಾಕಿದರೆ ನಡೆಯೋಕೆ ಆಗುತ್ತಾ? ಹಸಿರು ಉಣ್ಣೆ ಮತ್ತು ಮಿನುಗುವ ನೀಲಿ ದಾರ ಸೇರಿಸಿ ಕ್ರೋಶಾ ಹೆಣೆದರು. ಅದರ ಮೇಲೆ ಸುಮಾರು 1,000 ಜೀರುಂಡೆ ರೆಕ್ಕೆಗಳನ್ನು ಹೊಲಿದರು. ಹಸಿರು ಹೊಳಪಿನ, ತಾನಾಗಿಯೇ ಉದುರಿದ ರೆಕ್ಕೆಗಳು. ಅವಳು ಅಲ್ಲಾಡಿದಾಗೆಲ್ಲ ಮೈ ಮಿನುಗಿರಬೇಕು, ಹೆಣಿಗೆ ಬಟ್ಟೆ ಆದ್ದರಿಂದ ಮೈಗೆ ಅಂಟಿಕೊಂಡೂ ಇರಬೇಕು. ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅದನ್ನು ನೋಡಿ ಸುಮ್ಮನಿರಲಾರದೆ 1889ರಲ್ಲಿ ಅದೇ ಬಟ್ಟೆಯಲ್ಲಿ ಅವಳ ದೊಡ್ಡ ಚಿತ್ರ ಬರೆದ. ಆ ಬಟ್ಟೆ ಇನ್ನೂ ಇದೆ. ಅದನ್ನು ರಿಪೇರಿ ಮಾಡಿ 2011ರಲ್ಲಿ ಮತ್ತೆ ಜನರ ಮುಂದೆ ಇಟ್ಟರು, ಅದಕ್ಕೆ 1,300 ಗಂಟೆಗಳ ಕೆಲಸ ಹಿಡಿಯಿತು. ಹತ್ತಿರದಿಂದ ನೋಡಿದರೆ ಅದೂ ಉಣ್ಣೆ ಮತ್ತು ಹುಳದ ರೆಕ್ಕೆಯೇ ತಾನೇ.

ಇನ್ನೊಂದು ಗುಟ್ಟು. ರಂಗದ ಮೇಲೆ ಬಿಳಿ ಅಂತ ಕಾಣುವ ಅಂಗಿ ಎಷ್ಟೋ ಸಲ ಬಿಳಿ ಅಲ್ಲ. ಅಪ್ಪಟ ಬಿಳಿಗೆ ದೀಪ ಬಿದ್ದರೆ ಕೊರೆಯುವ ಹಾಗೆ ಹೊಳೆದು ನಟನ ಮುಖವೇ ಮಂಕಾಗುತ್ತದೆ. ಅದಕ್ಕೆ ಚಹಾ ನೀರಿನಲ್ಲಿ ಅದ್ದಿ ಸ್ವಲ್ಪ ಕೆನೆ ಬಣ್ಣಕ್ಕೆ ತರುತ್ತಾರೆ. ಭಿಕ್ಷುಕನ ಹರಿದ ಕೋಟಿಗಂತೂ ಹೊಸ ಕೋಟಿಗಿಂತ ಜಾಸ್ತಿ ದುಡಿಮೆ. ತುರಿಯುವ ಮಣೆಯಲ್ಲಿ ಮೊಣಕೈ ಉಜ್ಜಬೇಕು, ಮರಳು ಕಾಗದ ಹಾಕಬೇಕು, ಜೇಬಿಗೆ ಕಲ್ಲು ತುಂಬಿ ಒದ್ದೆ ಮಾಡಿ ನೇತುಹಾಕಬೇಕು, ಆಗ ಜೇಬು ಜೋತುಬೀಳುತ್ತೆ. ನಾನು ಒಂದು ಕೋಟನ್ನು ಹೀಗೆ ಎರಡು ದಿನ ಕೂತು ಹಾಳು ಮಾಡಿದ್ದೆ, ತುಂಬ ಹೆಮ್ಮೆಯಿಂದ.

ಪ್ರಶ್ನೆ: ಎಲ್ಲಿ ಕೂತರೆ ವೇಷಭೂಷಣ ಚೆನ್ನಾಗಿ ಕಾಣುತ್ತೆ? ಮೊದಲ ಸಾಲಾ?

ಮೊದಲ ಸಾಲಿನಲ್ಲಿ ನಟರ ಬೆವರು, ಪಿನ್ನು, ತಲೆಗೂದಲ ವಿಗ್‌ನ ಅಂಚು ಎಲ್ಲ ಕಾಣುತ್ತದೆ. ರಂಗ ಎತ್ತರದಲ್ಲಿದ್ದರೆ ಪಾದ ಕಾಣಲ್ಲ, ಪಾದರಕ್ಷೆ ಕಾಣದೆ ವೇಷ ಅರ್ಧವೇ. ಕೆಳಗಿನ ಮಧ್ಯದ ಸಾಲುಗಳು ಒಳ್ಳೆಯದು. ಗುಂಪು ಕುಣಿತ ಜಾಸ್ತಿ ಇದ್ದರೆ ಬಾಲ್ಕನಿಯ ಮುಂಭಾಗ ಇನ್ನೂ ಒಳ್ಳೆಯದು, ನೆಲದ ಮೇಲೆ ಬಣ್ಣಗಳು ಸೇರುವುದು ಚದುರುವುದು ಅಲ್ಲಿಂದಲೇ ಕಾಣೋದು. ಬೇಕಾದರೆ ಕಡಿಮೆ ಹಿಗ್ಗಿಸುವ ಪುಟ್ಟ ಬೈನಾಕ್ಯುಲರ್ ಒಯ್ಯಿರಿ, ಮೂರು ಪಟ್ಟು ಸಾಕು. ಜಾಸ್ತಿ ಇದ್ದರೆ ಕೈ ಅಲ್ಲಾಡಿ ತಲೆ ಸುತ್ತುತ್ತೆ.

ಪ್ರಶ್ನೆ: ಮೊನ್ನೆ ನೋಡಿದ ನಾಟಕದಲ್ಲಿ ನಾಯಕಿ ಒಂದು ಬಾಗಿಲಿನಿಂದ ಹೋಗಿ ಇನ್ನೊಂದು ಬಾಗಿಲಿನಿಂದ ಬರುವಷ್ಟರಲ್ಲಿ ಪೂರ್ತಿ ಬಟ್ಟೆ ಬದಲಾಗಿತ್ತು. ಅರ್ಧ ನಿಮಿಷವೂ ಆಗಿರಲಿಲ್ಲ! ಅದು ಹೇಗೆ? ನಾನು ಒಂದು ಮದುವೆಗೆ ತಯಾರಾಗೋಕೆ ಎರಡು ಗಂಟೆ ಬೇಕು.

ನಿಮ್ಮ ಹತ್ತಿರ ಕತ್ತಲಲ್ಲಿ ಕಾದು ನಿಂತ ಇಬ್ಬರು ಸಹಾಯಕರು ಇಲ್ಲವಲ್ಲ, ಅದಕ್ಕೆ. ಸೈಡ್‌ವಿಂಗಿನ ಹಿಂದೆ ಮಬ್ಬು ದೀಪ ಇಟ್ಟುಕೊಂಡು, ಮುಂದಿನ ಬಟ್ಟೆಯನ್ನು ನೆಲದ ಮೇಲೆ ವೃತ್ತಾಕಾರವಾಗಿ ತೆರೆದಿಟ್ಟು ಕಾಯುತ್ತಿರುತ್ತಾರೆ. ನಟಿ ಅದರೊಳಗೆ ಕಾಲಿಟ್ಟರೆ ಸಾಕು, ಮೇಲಕ್ಕೆ ಎಳೆಯೋದು. ಮುಂದೆ ಕಾಣುವ ಹತ್ತು ಗುಂಡಿಗಳು ಸುಮ್ನೆ ಅಲಂಕಾರಕ್ಕೆ, ಅದರ ಹಿಂದೆ ಇರುವುದು ಪ್ರೆಸ್ ಬಟನ್ನು, ವೆಲ್ಕ್ರೋ ಅಥವಾ ಅಯಸ್ಕಾಂತ. ಬೂಟಿನ ಲೇಸು ಕಟ್ಟಿದ್ದಲ್ಲ, ಎಲಾಸ್ಟಿಕ್. ಕೆಲವು ಸಲ ಎರಡನೇ ಬಟ್ಟೆ ಮೊದಲನೆಯದರ ಒಳಗೇ ಇರುತ್ತದೆ. ಮೊದಲ ದೃಶ್ಯದಲ್ಲಿ ನಾಯಕಿ ಸ್ವಲ್ಪ ದಪ್ಪ ಕಂಡರೆ ಹಾಗೆ ಅನುಮಾನ ಪಡಬಹುದು.

ಜಪಾನಿನ ಕಬೂಕಿ ನಾಟಕದಲ್ಲಿ ಇದನ್ನು ಮರೆಯಲ್ಲಿ ಮಾಡುವುದೇ ಇಲ್ಲ, ನಿಮ್ಮ ಕಣ್ಣೆದುರೇ ಮಾಡುತ್ತಾರೆ. ಅದಕ್ಕೆ ಹಿಕಿನುಕಿ ಎನ್ನುತ್ತಾರೆ. ಮೇಲಿನ ಕಿಮೋನೋವನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿರುತ್ತಾರೆ. ನಟ ಕುಣಿಯುತ್ತಿರುವಾಗಲೇ ಹಿಂದೆ ಕೂತ ಸಹಾಯಕ ಒಂದೊಂದಾಗಿ ದಾರ ಎಳೆದು ಸಡಿಲ ಮಾಡುತ್ತಾನೆ, ತಾಳ ಸರಿಯಾಗಿ ಬಿದ್ದ ಕ್ಷಣಕ್ಕೆ ಒಂದೇ ಎಳೆತ, ಇಡೀ ಬಟ್ಟೆ ಕಳಚಿ ಕೆಳಗಿನ ಬೇರೆ ಬಣ್ಣ ಹೊರಗೆ. ಆ ಸಹಾಯಕ ಎಲ್ಲರಿಗೂ ಕಾಣುತ್ತಿರುತ್ತಾನೆ. ಕೆಲವರು ಅಡಿಯಿಂದ ಮುಡಿವರೆಗೆ ಕಪ್ಪು ತೊಟ್ಟಿರುತ್ತಾರೆ, ಕಪ್ಪು ಅಂದರೆ ಅಲ್ಲಿ ಯಾರೂ ಇಲ್ಲ ಅಂತ ನೋಡುವವರೂ ಒಪ್ಪಿಕೊಂಡಿದ್ದಾರೆ. ನನಗಂತೂ ಈ ಒಪ್ಪಂದ ಬಹಳ ಇಷ್ಟ.

ಈಗ ನನ್ನ ಕಥೆ. ಮೊದಲ ಪ್ರದರ್ಶನದ ರಾತ್ರಿ, ನಲವತ್ತು ಸೆಕೆಂಡಿನ ಬದಲಾವಣೆ, ನಾನು ಬುದ್ಧಿವಂತೆ ಅಂತ ಬೆನ್ನಿಗೆ ಜಿಪ್ ಹಾಕಿದ್ದೆ. ತಾಲೀಮಿನಲ್ಲಿ ಹನ್ನೆರಡು ಸಲ ಸರಿಯಾಗಿ ಬಂದಿತ್ತು. ಅವತ್ತು ಬೆವರಿಗೆ ಲೈನಿಂಗ್ ಬಟ್ಟೆ ಜಿಪ್ಪಿಗೆ ಸಿಕ್ಕಿ ಅರ್ಧದಲ್ಲೇ ನಿಂತಿತು. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಆಕೆ "ಬಿಡಿ ಅಕ್ಕ" ಅಂದು ಒಂದು ಶಾಲು ಹೊದ್ದು ಹಾಗೇ ಹೋದಳು. ಇಡೀ ದೃಶ್ಯ ಜನರಿಗೆ ಬೆನ್ನು ತೋರಿಸದೆ, ಏಡಿಯ ಹಾಗೆ ಪಕ್ಕಕ್ಕೆ ಪಕ್ಕಕ್ಕೆ ನಡೆದಳು. ನೋಡಿದವರೊಬ್ಬರು ಆಮೇಲೆ ಬಂದು "ಆ ಪಾತ್ರದ ಒಳಗಿನ ಭಯವನ್ನು ನಡಿಗೆಯಲ್ಲೇ ತಂದರು" ಅಂತ ಹೊಗಳಿದರು. ನಾನು ಏನೂ ಹೇಳಲಿಲ್ಲ. ಅಂದಿನಿಂದ ಅವಸರದ ಬದಲಾವಣೆಗೆ ಜಿಪ್ ಇದ್ದರೂ ಪಕ್ಕದಲ್ಲಿ ಹುಕ್ಕು, ಕೊರಳಲ್ಲಿ ಸೇಫ್ಟಿ ಪಿನ್ನಿನ ಸರ.

ಪ್ರಶ್ನೆ: ನಾಟಕ ಶುರುವಾಗುವ ಮುಂಚೆ ದೀಪ ನಿಧಾನವಾಗಿ ಆರುತ್ತಲ್ಲ, ಆ ಹತ್ತು ಸೆಕೆಂಡು ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತೆ. ಅದೇ ನಾಟಕವನ್ನು ವಿಡಿಯೋದಲ್ಲಿ ನೋಡಿದರೆ ಏನೂ ಆಗಲ್ಲ. ಯಾಕೆ ಹೀಗೆ?

ಆ ಹತ್ತು ಸೆಕೆಂಡು ನಮಗೆ ಸಿಕ್ಕಿ ಬಹಳ ಕಾಲವಾಗಿಲ್ಲ ಗೊತ್ತಾ? ಮೇಣದ ಬತ್ತಿಯ ಕಾಲದಲ್ಲಿ ಜನ ಕೂತ ಕಡೆಯೂ ದೀಪ ಉರಿಯುತ್ತಲೇ ಇರುತ್ತಿತ್ತು. ಯಾರು ಯಾರ ಜೊತೆ ಬಂದಿದ್ದಾರೆ, ಏನು ಉಟ್ಟಿದ್ದಾರೆ ಅಂತ ನೋಡುವುದೇ ಅರ್ಧ ಕಾರ್ಯಕ್ರಮ. ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸುವುದಕ್ಕೆ ಹೆಸರಾದದ್ದು ಜರ್ಮನಿಯ ಬೈರಾಯ್ಟ್‌ನಲ್ಲಿ 1876ರಲ್ಲಿ ತೆರೆದ, ಒಪೆರಾ ಎಂಬ ಹಾಡುನಾಟಕಗಳನ್ನು ಬರೆದ ಸಂಗೀತಗಾರ ವ್ಯಾಗ್ನರ್‌ನ ರಂಗಮಂದಿರ. ವಾದ್ಯದವರನ್ನೂ ಕಣ್ಣಿಗೆ ಕಾಣದ ಹಾಗೆ ರಂಗದ ಕೆಳಗಿನ ಗುಂಡಿಯಲ್ಲಿ ಕೂರಿಸಿದ. ಸಂಗೀತ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬಾರದು, ನೋಡೋಕೆ ರಂಗ ಬಿಟ್ಟು ಬೇರೆ ಏನೂ ಇರಬಾರದು.

ಅದಕ್ಕಿಂತ ಮುಂಚೆ ಬೆಳಕಿನ ಕಥೆ ಬೆಂಕಿಯ ಕಥೆಯೇ. 1837ರ ಹೊತ್ತಿಗೆ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ಬೆಳಕು ಬಂತು. ಆಮ್ಲಜನಕ ಮತ್ತು ಜಲಜನಕದ ಉರಿಯನ್ನು ಸುಣ್ಣದ ತುಂಡಿಗೆ ಹಿಡಿದರೆ ಅದು ಕಾದು ಬೆಳ್ಳಗೆ ಉರಿಯುತ್ತದೆ. ಒಬ್ಬ ನಟನ ಮೇಲೆ ಮಾತ್ರ ಬೆಳಕು ಬಿಡುವುದು ಅದರಿಂದ ಸುಲಭವಾಯಿತು. ಲೈಮ್‌ಲೈಟ್ ಅನ್ನುವ ಮಾತು ಅಲ್ಲಿಂದ ಬಂದದ್ದು. ಗ್ಯಾಸ್ ದೀಪಗಳಂತೂ ಬಟ್ಟೆಗೆ ಯಮ. 1862ರಲ್ಲಿ ಪ್ಯಾರಿಸ್ಸಿನ ಎಮ್ಮಾ ಲಿವ್ರಿ ಎಂಬ ಎಳೆಯ ಬ್ಯಾಲೆ ನರ್ತಕಿಯ ತೆಳು ಬಿಳಿ ಟುಟುವಿಗೆ, ಅಂದರೆ ಬ್ಯಾಲೆಯ ಲಂಗಕ್ಕೆ, ತಾಲೀಮಿನ ವೇಳೆ ಗ್ಯಾಸ್ ದೀಪದ ಉರಿ ತಗುಲಿತು. ಬೆಂಕಿ ಹಿಡಿಯದ ಹಾಗೆ ಮಾಡುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು. ಅದು ಗಡುಸಾಗಿ, ಹಳದಿಯಾಗಿ ಕಾಣುತ್ತೆ ಅಂತ ಅವಳು ಬೇಡವೆಂದಿದ್ದಳು. ಎಂಟು ತಿಂಗಳು ನರಳಿ 1863ರಲ್ಲಿ ತೀರಿಕೊಂಡಳು. ಹಗುರವಾಗಿ ತೇಲಿದ ಹಾಗೆ ಕಾಣುವ ಬಿಳಿ ಬಟ್ಟೆ ನೋಡಿದಾಗೆಲ್ಲ ನನಗೆ ಅವಳ ನೆನಪಾಗುತ್ತದೆ.

1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರಕ್ಕೆ ಪೂರ್ತಿ ವಿದ್ಯುತ್ ದೀಪ ಹಾಕಿದಾಗ ಜನರಿಗೆ ಹೆದರಿಕೆ ಇರಬಾರದೆಂದು ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ತಾನೇ ರಂಗಕ್ಕೆ ಬಂದು, ಉರಿಯುವ ಬಲ್ಬೊಂದನ್ನು ಎಲ್ಲರ ಮುಂದೆ ಒಡೆದು ತೋರಿಸಿದ. ನೋಡಿ, ಬೆಂಕಿ ಹತ್ತಲಿಲ್ಲ ಅಂತ.

ವಿಡಿಯೋದ ಮಾತಿಗೆ ಬರೋಣ. ಕತ್ತಲಲ್ಲಿ ಕೂತ ಕಣ್ಣಿಗೆ ಪಾಪೆ ಅಗಲವಾಗಿ, ಸಣ್ಣ ಬೆಳಕೂ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಕಣ್ಣಿನಷ್ಟು ಸೂಕ್ಷ್ಮವಾಗಿ ಕಪ್ಪನ್ನೂ ಬೆಳಕನ್ನೂ ಒಟ್ಟಿಗೆ ಹಿಡಿಯಲ್ಲ. ಅದಕ್ಕಿಂತ ದೊಡ್ಡ ವಿಷಯ, ಎಲ್ಲಿ ನೋಡಬೇಕು ಅಂತ ವಿಡಿಯೋದಲ್ಲಿ ಬೇರೆ ಯಾರೋ ತೀರ್ಮಾನ ಮಾಡಿರುತ್ತಾರೆ. ನಿಮಗೆ ಮೂಲೆಯಲ್ಲಿ ನಿಂತ ದಾಸಿಯ ಕೈಬೆರಳು ನೋಡಬೇಕು, ಅದು ರಾಜನ ಮೂಗು ತೋರಿಸುತ್ತಿರುತ್ತೆ. ಮತ್ತೆ ಆ ಗಾಳಿ. ತೆಳ್ಳಗೆ ಮಂಜಿನಂಥ ಹೊಗೆ ಬಿಟ್ಟಿರುತ್ತಾರಲ್ಲ, ಅದು ಬರೀ ಭೂತದ ದೃಶ್ಯಕ್ಕಲ್ಲ. ಗಾಳಿಯಲ್ಲಿ ಏನೂ ಇಲ್ಲದಿದ್ದರೆ ದೀಪದ ಕಿರಣವೇ ಕಾಣಲ್ಲ, ಬಿದ್ದ ಜಾಗ ಮಾತ್ರ ಕಾಣುತ್ತೆ. ನೆಲದಲ್ಲೇ ಹರಿಯುವ ದಪ್ಪ ಮಂಜು ಬೇರೆ, ಅದಕ್ಕೆ ಡ್ರೈ ಐಸ್ ಅನ್ನು ಬಿಸಿನೀರಿಗೆ ಹಾಕುತ್ತಾರೆ. ಅದು ತಣ್ಣಗೆ, ಗಾಳಿಗಿಂತ ಭಾರವಾಗಿರುವುದರಿಂದ ಮೇಲೇಳದೆ ಕಾಲಿನ ಬಳಿಯೇ ಹರಡುತ್ತದೆ. ಮೈ ಜುಂ ಅನ್ನೋಕೆ ಇನ್ನೊಂದು ಕಾರಣ ಪಕ್ಕದವರು. ನಿಮ್ಮ ಜೊತೆ ಮುನ್ನೂರು ಜನ ಒಂದೇ ಸಲ ಮಾತು ನಿಲ್ಲಿಸುವ ಸದ್ದು ಇದೆಯಲ್ಲ, ಅದನ್ನು ಯಾವ ಸ್ಪೀಕರ್ ಕೊಡುತ್ತೆ?

ಪ್ರಶ್ನೆ: ದೊಡ್ಡ ಆಸೆಯಿಂದ ಹಳೇ ರಾಜರ ಕಾಲದ ನಾಟಕಕ್ಕೆ ಹೋದರೆ ಎಲ್ಲರೂ ಜೀನ್ಸು, ಟೀ ಶರ್ಟು! ಖಾಲಿ ರಂಗ, ನಾಲ್ಕು ಕುರ್ಚಿ. ಖರ್ಚು ಉಳಿಸೋಕೆ ಹೀಗೆ ಮಾಡ್ತಾರಾ?

ಕೆಲವರು ಖರ್ಚು ಉಳಿಸೋಕೇ ಮಾಡ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲರೂ ಅಲ್ಲ. ರಾಜನ ಪಾತ್ರಕ್ಕೆ ಆ ರಾಜನ ಕಾಲದ ಬಟ್ಟೆಯೇ ಬೇಕು ಅನ್ನುವ ಹಟ ಹಳೆಯದೇನಲ್ಲ. ಅದಕ್ಕೂ ಮೊದಲು ಇಂಗ್ಲೆಂಡಿನ ನಟರು ಎಷ್ಟೋ ಸಲ ತಮ್ಮ ಕಾಲದ ಬಟ್ಟೆಯಲ್ಲೇ ಹಳೆಯ ರಾಜರಾಗುತ್ತಿದ್ದರು. 1823ರಲ್ಲಿ ಚಾರ್ಲ್ಸ್ ಕೆಂಬಲ್ ಶೇಕ್ಸ್‌ಪಿಯರನ 'ಕಿಂಗ್ ಜಾನ್' ಮಾಡಿಸಿದಾಗ ಪ್ಲಾಂಶೇ ಎಂಬವನು ಹಳೆಯ ಸಮಾಧಿಗಳ ಮೇಲಿನ ಕೆತ್ತನೆ ನೋಡಿ ಬಟ್ಟೆ ಮಾಡಿಕೊಟ್ಟ. ನೋಡಿದವರು ಬೆರಗಾದರು, ಆಮೇಲೆ ಅದೇ ಪದ್ಧತಿ ಆಯಿತು. ನೂರು ವರ್ಷ ಆಗುವಷ್ಟರಲ್ಲಿ ಅದೂ ಸವೆಯಿತು. 1925ರಲ್ಲಿ ಲಂಡನ್ನಿನಲ್ಲಿ ಬ್ಯಾರಿ ಜಾಕ್ಸನ್‌ನ ತಂಡ ಹ್ಯಾಮ್ಲೆಟ್‌ಗೆ ಆ ಕಾಲದ ಸೂಟು ಬೂಟು ಹಾಕಿ ನಿಲ್ಲಿಸಿತು. ಆಗಲೂ ಜನ ನಿಮ್ಮ ಹಾಗೇ ಕೇಳಿರಬೇಕು.

ಹೊಲಿದವಳಾಗಿ ಹೇಳ್ತೀನಿ, ಜೀನ್ಸು ಆರಿಸುವುದು ಕಿರೀಟ ಮಾಡುವುದಕ್ಕಿಂತ ಕಷ್ಟ. ಕಿರೀಟ ಇಟ್ಟರೆ ರಾಜ ಅಂತ ಎಲ್ಲರೂ ಒಪ್ಪುತ್ತಾರೆ. ಬರೀ ಟೀ ಶರ್ಟಿನಲ್ಲಿ ಯಾರು ಆಳುವವರು, ಯಾರು ಹೆದರುವವರು ಅಂತ ಗೊತ್ತಾಗಬೇಕಾದರೆ ಅಂಗಿಯ ಅಳತೆ, ತೋಳು ಮಡಚಿದ ರೀತಿ, ಬೂಟಿನ ಪಾಲಿಶ್ ಎಲ್ಲ ಲೆಕ್ಕ ಹಾಕಬೇಕು. ಮತ್ತೆ ಖಾಲಿ ರಂಗ ಅಂದರೆ ಬಡ ರಂಗ ಅಲ್ಲ. 1970ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಶೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಮಾಡಿಸಿದಾಗ ಕಥೆ ನಡೆಯುವ ಕಾಡು ಇರಲಿಲ್ಲ, ಬರೀ ಬಿಳಿ ಗೋಡೆಯ ಡಬ್ಬಿಯಂಥ ರಂಗ. ವಿನ್ಯಾಸ ಮಾಡಿದ ಸ್ಯಾಲಿ ಜೇಕಬ್ಸ್ ಆ ಬಿಳಿಯ ಮುಂದೆ ಗಾಢ ಬಣ್ಣದ ಸ್ಯಾಟಿನ್ ಬಟ್ಟೆಗಳನ್ನು ಇಟ್ಟರು, ನಟರು ಉಯ್ಯಾಲೆಯಂಥ ಟ್ರಪೀಜ್ ಮೇಲೆ ತೂಗಿದರು. ಹಿಂದೆ ಏನೂ ಇಲ್ಲದಾಗ ಬಣ್ಣ ಎಷ್ಟು ಜೋರಾಗಿ ಕೂಗುತ್ತೆ ಅಂತ ಊಹಿಸಿ.

ನಿಮಗೆ ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅಂತ ಹೇಳಿ, ಅದರಲ್ಲಿ ತಪ್ಪಿಲ್ಲ. ಮುಂದಿನ ಸಲ ಪೋಸ್ಟರಿನ ಫೋಟೋ ನೋಡಿ ಹೋಗಿ.

ಪ್ರಶ್ನೆ: ಆರು ವರ್ಷದ ಮಗಳು ಮುಖಕ್ಕೆ ಬಣ್ಣ ಹಚ್ಚಿದ ಪಾತ್ರ ಬಂದ ತಕ್ಷಣ ಅತ್ತುಬಿಟ್ಟಳು. ಎದ್ದು ಬಂದೆವು. ಆದರೆ ಮನೆಗೆ ಬಂದಮೇಲೆ ಮೂರು ದಿನ ಅದನ್ನೇ ಚಿತ್ರ ಬರೆಯುತ್ತಿದ್ದಾಳೆ. ಮತ್ತೆ ಕರೆದುಕೊಂಡು ಹೋಗಲಾ?

ಹೋಗಿ, ಖಂಡಿತ ಹೋಗಿ. ಮೂರು ದಿನ ಚಿತ್ರ ಬರೆದಿದ್ದಾಳೆ ಅಂದರೆ ಪಾಪ ಆ ನಟ ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ. ಈ ಸಲ ಹೋಗುವ ಮುಂಚೆ ಮನೆಯಲ್ಲಿ ಒಂದು ಕನ್ನಡಿ ಮುಂದೆ ನಿಮ್ಮ ಮುಖಕ್ಕೆ ನೀವೇ ಬಣ್ಣ ಹಚ್ಚಿಕೊಳ್ಳಿ, ಅವಳೆದುರಿಗೇ. ಅಮ್ಮ ನಿಧಾನವಾಗಿ ಬೇರೆ ಆಗುವುದನ್ನು ಅವಳು ನೋಡಲಿ. ಆಮೇಲೆ ಅವಳ ಕೈಗೂ ಬ್ರಶ್ ಕೊಡಿ. ಹಾಗೇ ಬಣ್ಣಕ್ಕೆ ಅರ್ಥ ಇದೆ ಅಂತ ಹೇಳಿಕೊಡಿ, ಮಕ್ಕಳಿಗೆ ಗುಟ್ಟಿನ ಭಾಷೆ ಅಂದರೆ ಇಷ್ಟ. ಕಥಕಳಿಯಲ್ಲಿ ಹಸಿರು ಮುಖದವರು ಒಳ್ಳೆಯ ನಾಯಕರು, ಕೆನ್ನೆಯ ಸುತ್ತ ಬಿಳಿ ಅಂಚು. ಕಣ್ಣು ಕೆಂಪಾಗಲು ರೆಪ್ಪೆಯೊಳಗೆ ಗಿಡವೊಂದರ ಪುಟ್ಟ ಬೀಜದಂಥದ್ದು ಇಟ್ಟುಕೊಳ್ಳುತ್ತಾರೆ. ಪೀಕಿಂಗ್ ಒಪೆರಾದಲ್ಲಿ ಕೆಂಪು ಮುಖ ನಿಷ್ಠಾವಂತನದು, ಬಿಳಿ ಮುಖ ಕುತಂತ್ರಿಯದು. ಯಕ್ಷಗಾನ, ಕಥಕಳಿಗಳಲ್ಲಿ ತಲೆ, ಭುಜ, ಸೊಂಟ ಎಲ್ಲ ದೊಡ್ಡದಾಗಿ, ಮನುಷ್ಯನ ಅಳತೆ ಮೀರುವ ಹಾಗೆ ಕಟ್ಟಿರುತ್ತಾರೆ. ದೊಡ್ಡವರಿಗೇ ಒಂದು ಕ್ಷಣ ಎದೆ ಝಲ್ ಅನ್ನುತ್ತೆ, ಮಗುವಿಗೆ ಅನ್ನದಿದ್ದರೆ ಆಶ್ಚರ್ಯ.

ಮುಖವಾಡದ್ದು ಇನ್ನೂ ಬೇರೆ ಮಜಾ. ಜಪಾನಿನ ನೋ ನಾಟಕದ ಮರದ ಮುಖವಾಡ ಅಲುಗಾಡಲ್ಲ. ಆದರೆ ನಟ ತಲೆ ಸ್ವಲ್ಪ ಮೇಲೆತ್ತಿದರೆ ಬೆಳಕು ಬಿದ್ದು ನಕ್ಕ ಹಾಗೆ, ಸ್ವಲ್ಪ ತಗ್ಗಿಸಿದರೆ ನೆರಳು ಬಿದ್ದು ಅಳುವ ಹಾಗೆ ಕಾಣುತ್ತೆ. ಮನೆಯಲ್ಲಿ ಯಾವುದಾದರೂ ಮುಖವಾಡ ಇದ್ದರೆ ಟಾರ್ಚ್ ಹಿಡಿದು ಮಗಳ ಜೊತೆ ಆಡಿ ನೋಡಿ. ಮತ್ತೆ ರಂಗಮಂದಿರದಲ್ಲಿ ಸಾಲಿನ ತುದಿಯ ಸೀಟು ಹಿಡಿಯಿರಿ, ಅತ್ತರೆ ಎದ್ದು ಬರೋಕೆ.

ಪ್ರಶ್ನೆ: ನಾವು ಏನು ಹಾಕಿಕೊಂಡು ಹೋಗಬೇಕು?

ಸದ್ದು ಮಾಡದ್ದು. ಸರಸರ ಅನ್ನುವ ಜಾಕೆಟ್ಟು, ಝಣಝಣ ಬಳೆ, ಎತ್ತರದ ತುರುಬು, ಮೂರು ಸಾಲಿಗೆ ಹರಡುವ ಸೆಂಟು ಬೇಡ. ಉಳಿದದ್ದು ನಿಮ್ಮಿಷ್ಟ. ಚೆನ್ನಾಗಿ ಅಲಂಕಾರ ಮಾಡಿಕೊಂಡು ಹೋಗುವುದು ನನಗೆ ಇಷ್ಟ, ಹೋಗದವರನ್ನು ಕಂಡರೆ ಕೋಪವೇನಿಲ್ಲ.

ಪ್ರಶ್ನೆ: ಅಷ್ಟು ಚಂದದ ವೇಷ ಇದ್ದಾಗ ಒಂದು ಫೋಟೋ ತೆಗೆದರೆ ಏನು ತಪ್ಪು? ಫ್ಲ್ಯಾಶ್ ಇಲ್ಲದೇನೇ.

ಫ್ಲ್ಯಾಶ್ ಇಲ್ಲದಿದ್ದರೂ ನಿಮ್ಮ ಫೋನಿನ ಪರದೆ ಕತ್ತಲಲ್ಲಿ ದೀಪವೇ. ಅದು ಹಿಂದಿನವರಿಗೆ ಕಾಣುತ್ತದೆ, ರಂಗದ ಮೇಲಿಂದಲೂ ಕಾಣುತ್ತದೆ, ನಿಮ್ಮ ಗಲ್ಲದ ಕೆಳಗೆ ನೀಲಿ ಬೆಳಕು ಬಿದ್ದು ನೀವೇ ಭೂತದ ಹಾಗೆ ಕಾಣುತ್ತೀರಿ. ವಂದನೆಯ ಹೊತ್ತಿನಲ್ಲಿ ಬಿಡುತ್ತಾರಾ ಅಂತ ಮುಂಚೆಯೇ ಕೇಳಿಕೊಳ್ಳಿ. ಹತ್ತಿರದಿಂದ ನೋಡುವ ಆಸೆ ತಡೆಯೋಕಾಗದಿದ್ದರೆ ಅದಕ್ಕೆಂದೇ ಸಂಗ್ರಹಾಲಯಗಳಿವೆ. ಫ್ರಾನ್ಸಿನ ಮೂಲಾಂ ಎಂಬಲ್ಲಿ ಹಳೆಯ ಅಶ್ವದಳದ ಕಟ್ಟಡವೊಂದರಲ್ಲಿ 2006ರಿಂದ ರಂಗದ ಬಟ್ಟೆಗಳ ರಾಷ್ಟ್ರೀಯ ಕೇಂದ್ರ ಇದೆ, ಸಾವಿರಾರು ಬಟ್ಟೆಗಳು. ಅಲ್ಲಿ ಹೋದರೆ ನಾನು ವಾಪಸ್ ಬರುವುದು ಅನುಮಾನ.

ಪ್ರಶ್ನೆ: ಒಂದು ಚಿಕ್ಕ ಅನುಮಾನ, ನಗಬೇಡಿ. ಅಷ್ಟು ಭಾರದ ಜರಿ ಬಟ್ಟೆ, ದಿನಾ ಬೆವರು. ಅದನ್ನು ಒಗೀತಾರಾ?

ನಗಲ್ಲ, ನನ್ನ ಜೀವನದ ಅರ್ಧ ಚಿಂತೆ ಅದೇ ಆಗಿತ್ತು. ಒಳಗೆ ಹಾಕುವ ಹತ್ತಿ ಬನಿಯನ್ನು ದಿನಾ ಒಗೆಯುತ್ತಾರೆ, ಬೆವರು ಕುಡಿಯುವ ಕೆಲಸ ಅದರದ್ದು. ಕಂಕುಳಿಗೆ ತೆಗೆದು ಹಾಕುವ ಪಟ್ಟಿ ಇರುತ್ತೆ, ಅದನ್ನೂ ಒಗೆಯಬಹುದು. ಮೇಲಿನ ಭಾರದ ಬಟ್ಟೆಗೆ ನೀರು ತಾಗಿಸುವ ಹಾಗಿಲ್ಲ, ಬಣ್ಣ ಹೋಗುತ್ತೆ, ಅಂಟು ಬಿಡುತ್ತೆ. ಅದಕ್ಕೆ ಹೆಸರಾಂತ ರಂಗಮಂದಿರಗಳಲ್ಲೂ ಮಾಡುವ ಉಪಾಯ ವೋಡ್ಕಾ! ಅಗ್ಗದ ವೋಡ್ಕಾವನ್ನು ಸ್ಪ್ರೇ ಬಾಟಲಿಗೆ ತುಂಬಿ ಬಟ್ಟೆಯ ಒಳಗಡೆ ಹೊಡೆದು ಗಾಳಿಗೆ ನೇತುಹಾಕುತ್ತಾರೆ. ಮದ್ಯಸಾರ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಕೊಂದು ತಾನೂ ಆರಿಹೋಗುತ್ತೆ, ಕಲೆ ಉಳಿಯಲ್ಲ. ನಮ್ಮ ತಂಡದಲ್ಲೂ ಒಂದು ಬಾಟಲಿ ತಂದಿದ್ದೆ, ಪೆಟ್ಟಿಗೆಯ ತಳದಲ್ಲಿ ಕಿರೀಟಗಳ ಕೆಳಗೆ ಬಚ್ಚಿಟ್ಟಿದ್ದೆ. ಎರಡನೇ ಪ್ರದರ್ಶನದ ಹೊತ್ತಿಗೆ ಬಾಟಲಿ ಖಾಲಿ. ಬಟ್ಟೆಗಳು ಮಾತ್ರ ಹಾಗೇ ನಾರುತ್ತಿದ್ದವು.